ಆರು ವರ್ಷ ಕ್ಲೌಡ್ ಸರ್ವರ್ ಬಳಸಿದ ಮೇಲೆ: ಅಕೌಂಟ್ಸ್ ವಿಭಾಗದಿಂದ ಒಂದು ವಿಮರ್ಶೆ

ಪೀಣ್ಯದ ಒಂದು ಬಿಡಿಭಾಗಗಳ ಕಾರ್ಖಾನೆಯಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತೇನೆ. ಆರು ವರ್ಷದಿಂದ ನಮ್ಮ ಲೆಕ್ಕ, ಸ್ಟಾಕ್, ಇನ್‌ವಾಯ್ಸ್ ಎಲ್ಲ ಕ್ಲೌಡ್‌ನ, ಅಂದರೆ ಇಂಟರ್ನೆಟ್ ಮೂಲಕ ಬಳಸುವ, ಬಾಡಿಗೆ ಸರ್ವರ್ ಮೇಲೆ ನಡೆಯುತ್ತಿದೆ. ಯಾವ ಕಂಪನಿ ಅಂತ ಹೇಳುವುದು ಬೇಡ. ನಾನು ಬರೆಯಲು ಕೂತಿದ್ದು ಬಿಲ್ ಬಗ್ಗೆ.

ಮೊದಲು ನಮ್ಮ ಸರ್ವರ್ ಮೆಟ್ಟಿಲ ಕೆಳಗಿನ ಚಿಕ್ಕ ಕೋಣೆಯಲ್ಲಿತ್ತು. ಕರೆಂಟ್ ಹೋದರೆ ಯುಪಿಎಸ್ ಕೂಗಿಕೊಳ್ಳುತ್ತಿತ್ತು. ಹೊಸದು ಬೇಕೆಂದರೆ ಇಂಡೆಂಟ್ (ಬೇಡಿಕೆ ಚೀಟಿ), ಮೂರು ಕೊಟೇಶನ್, ಮಾಲೀಕರ ಸಹಿ. ಎರಡು ತಿಂಗಳು ಅಲ್ಲೇ ಹೋಗುತ್ತಿತ್ತು. "ಬಜೆಟ್ ಇಲ್ಲ ಮೇಡಂ, ಮುಂದಿನ ವರ್ಷ ನೋಡೋಣ" ಅನ್ನುತ್ತಿದ್ದರು ಐಟಿ ವಿಭಾಗದ ಸರ್. ಅವರ ಕೋಣೆಗೆ ಹೋಗಲು ನಮಗೆ ಬೇಜಾರು. ನಾವು ಬಂದರೆ ಅವರಿಗೂ ಬೇಜಾರು.

ಕ್ಲೌಡ್‌ಗೆ ಹೋದ ಮೇಲೆ ಸರ್ವರ್ ಹತ್ತು ನಿಮಿಷದಲ್ಲಿ ಸಿಕ್ಕಿತು. ಪ್ರತಿ ತಿಂಗಳು 11ಕ್ಕೆ ಜಿಎಸ್‌ಟಿಆರ್-1, ಅಂದರೆ ಮಾರಾಟದ ಜಿಎಸ್‌ಟಿ ವಿವರ, ಸಲ್ಲಿಸಲು ಕೊನೇ ದಿನ. ಮೊದಲು ಆ ವಾರ ಎಲ್ಲರ ಸ್ಕ್ರೀನ್ ತೂಕಡಿಸುತ್ತಿತ್ತು. ಈಗ 8ನೇ ತಾರೀಖು ರಾತ್ರಿ ಸರ್ವರ್ ನಿಲ್ಲಿಸಿ, ದೊಡ್ಡ ಗಾತ್ರಕ್ಕೆ ಬದಲಿಸಿ, ಮತ್ತೆ ಶುರು ಮಾಡುತ್ತೇವೆ. 12ಕ್ಕೆ ಮತ್ತೆ ಚಿಕ್ಕದು. ಇದು ನನಗೆ ಈಗಲೂ ಖುಷಿ ಕೊಡುತ್ತದೆ.

ಎಡವಟ್ಟು ಆಗಿದ್ದು 2023ರಲ್ಲಿ. ಆ ವರ್ಷ ಆಗಸ್ಟ್ 1ರಿಂದ 5 ಕೋಟಿ ವಹಿವಾಟು ದಾಟಿದವರಿಗೆ ಇ-ಇನ್‌ವಾಯ್ಸ್ (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಿಸುವ ಇನ್‌ವಾಯ್ಸ್) ಕಡ್ಡಾಯವಾಯಿತು. ಅದನ್ನು ಪರೀಕ್ಷಿಸಲು ನಮ್ಮ ವಿಭಾಗದವರೇ ಲಾಗಿನ್ ತೆಗೆದುಕೊಂಡು ಮೂರು ಸರ್ವರ್ ಶುರು ಮಾಡಿದರು. ಐಟಿಯವರಿಗೆ ಹೇಳಲಿಲ್ಲ, ಕೆಲಸ ಮುಗಿದ ಮೇಲೆ ನಿಲ್ಲಿಸಲೂ ಇಲ್ಲ. ತಿಂಗಳಿಗೆ 42,000 ಬರುತ್ತಿದ್ದ ಬಿಲ್ 71,000 ಆಯಿತು. ಗಾಬರಿಯಾಗಿ ನಿಲ್ಲಿಸಿದೆವು. ಮುಂದಿನ ತಿಂಗಳೂ ಅವುಗಳ ಹೆಸರಲ್ಲಿ ಸ್ವಲ್ಪ ದುಡ್ಡು ಹೋಯಿತು! ಸರ್ವರ್ ನಿಲ್ಲಿಸಿದರೆ ಅದರ ಬಾಡಿಗೆ ಮಾತ್ರ ನಿಲ್ಲುತ್ತದೆ. ಡಿಸ್ಕ್ ಅಳಿಸುವ ತನಕ ಡಿಸ್ಕಿನ ಬಾಡಿಗೆ ಓಡುತ್ತಲೇ ಇರುತ್ತದೆ. ಬಜೆಟ್ ಮಿತಿ ಹಾಕಿದ್ದೆವು ನಿಜ. ಆದರೆ ಆ ಮಿತಿ ದಾಟಿದರೆ ಸುಮ್ನೆ ಒಂದು ಮೇಲ್ ಬರುತ್ತದೆ, ಅಷ್ಟೇ. ಯಾವುದೂ ತಾನಾಗಿ ನಿಲ್ಲುವುದಿಲ್ಲ. ಚಿಕ್ಕ ಕಂಪನಿಗೆ ಇದು ಸರಿಯಲ್ಲ. ಈ ಮಾತನ್ನು ಮೂರು ಸಲ ಕ್ಲೌಡ್ ಕಂಪನಿಯ ಸಪೋರ್ಟ್‌ಗೆ ಬರೆದಿದ್ದೇನೆ.

ಆ ಬಿಲ್ ಹಿಡಿದು ಐಟಿ ಸರ್ ಹತ್ತಿರ ಹೋದಾಗ ಬೈಗುಳಕ್ಕೆ ತಯಾರಾಗಿದ್ದೆ. ಅವರು ಕುರ್ಚಿ ಎಳೆದು, "ಕೂತ್ಕೊಳ್ಳಿ ಮೇಡಂ, ಒಂದೊಂದೇ ಸಾಲು ನೋಡೋಣ" ಅಂದರು. ಅವತ್ತು ಶುರುವಾದದ್ದು ಇನ್ನೂ ನಿಂತಿಲ್ಲ. ಪ್ರತಿ ಸೋಮವಾರ ಒಂಬತ್ತೂವರೆಗೆ ಎರಡು ಲೋಟ ಕಾಫಿ, ಒಂದು ಬಿಲ್. ಪ್ರತಿ ಸರ್ವರ್‌ಗೂ ವಿಭಾಗದ ಹೆಸರಿನ ಟ್ಯಾಗ್ ಹಾಕಿದ್ದಾರೆ. ಪರೀಕ್ಷೆಯ ಸರ್ವರ್‌ಗಳು ರಾತ್ರಿ 8ಕ್ಕೆ ತಾವಾಗಿಯೇ ಮಲಗುತ್ತವೆ. ಹಾಗೆ ಮಲಗಿಸುವ ಸ್ಕ್ರಿಪ್ಟ್ (ಚಿಕ್ಕ ಪ್ರೋಗ್ರಾಂ) ಕೂಡ ಅವರೇ ಬರೆದದ್ದು. ಲೆಕ್ಕಪತ್ರದ ಬ್ಯಾಕಪ್ ದಿನಾ ಭಾರತದೊಳಗಿನ ಸರ್ವರ್‌ನಲ್ಲಿ ಇರಬೇಕು ಅನ್ನುವ, ಕಂಪನಿ ಕಾಯ್ದೆಯ 2022ರ ನಿಯಮವನ್ನು ನಾನು ಅವರಿಗೆ ಹೇಳಿದೆ. ಅವತ್ತೇ ಬ್ಯಾಕಪ್ ಮುಂಬೈನ ಸರ್ವರ್‌ಗೆ ಹೋಗುವಂತೆ ಹೊಂದಿಸಿಕೊಟ್ಟರು.

ಲೆಕ್ಕ ಹಾಕುವ ರೀತಿಯೂ ಬದಲಾಗಿದೆ. ಸರ್ವರ್ ಕೊಂಡರೆ ಅದು ಆಸ್ತಿ, ಆದಾಯ ತೆರಿಗೆಯಲ್ಲಿ ವರ್ಷಕ್ಕೆ 40 ಪರ್ಸೆಂಟ್ ಸವಕಳಿ. ಈಗ ಅದು ತಿಂಗಳ ಖರ್ಚು. ಹಾಗಾಗಿ ಐಟಿ ಸರ್ ವರ್ಷಕ್ಕೊಮ್ಮೆ ಬಜೆಟ್ ಕೇಳಿ ಸುಮ್ಮನಾಗುವಂತಿಲ್ಲ. ಈ ತಿಂಗಳು ಆರ್ಡರ್ ಎಷ್ಟು ಬಂದಿದೆ ಅಂತ ನನ್ನನ್ನು ಕೇಳುತ್ತಾರೆ. ಮೊದಲು ಕೇಳಿದ್ದೇ ಇಲ್ಲ.

ಐದರಲ್ಲಿ ಮೂರೂವರೆ ಸ್ಟಾರ್ ಕೊಡುತ್ತೇನೆ. ಮೂರು ವರ್ಷದ ಕರಾರು ಮಾಡಿಕೊಂಡರೆ ದರ ಇನ್ನೂ ಕಡಿಮೆ. ನಮ್ಮ ಆರ್ಡರ್‌ಗಳ ಏರಿಳಿತ ನೋಡಿ ಒಂದು ವರ್ಷಕ್ಕೇ ಮಾಡಿಕೊಂಡಿದ್ದೇವೆ. ಡೇಟಾ ಒಳಗೆ ಹಾಕಲು ದುಡ್ಡಿಲ್ಲ, ಹೊರಗೆ ತೆಗೆಯಲು ಜಿಬಿ ಲೆಕ್ಕದಲ್ಲಿ ದುಡ್ಡು. ಬೇರೆ ಕಡೆ ಹೋಗಬೇಕಾದರೆ ಎಷ್ಟಾಗುತ್ತದೆ ಅಂತ ಮುಂದಿನ ಸೋಮವಾರ ಇಬ್ಬರೂ ಕೂತು ನೋಡುವವರಿದ್ದೇವೆ.