ಎಂಜಿಬಿ ಡಿಸ್ಟ್ರಿಬ್ಯೂಟರ್‌ನ ವ್ಯಾಕ್ಯೂಮ್ ಪೈಪ್: ಕಾರ್ಬುರೇಟರ್‌ಗೋ, ಮ್ಯಾನಿಫೋಲ್ಡ್‌ಗೋ?

ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿಯಲ್ಲಿ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೆ ಒಂದು ಸಣ್ಣ ವ್ಯಾಕ್ಯೂಮ್ ಪೈಪ್ ಇದೆ. ಎಂಜಿನ್‌ನ ಎಳೆತದಿಂದ ಅದು ಕಿಡಿಯನ್ನು ಬೇಗ ಬೀಳಿಸುತ್ತದೆ, ಇದೇ 'ಅಡ್ವಾನ್ಸ್'. ಅದರ ಇನ್ನೊಂದು ತುದಿಯನ್ನು ಕಾರ್ಬುರೇಟರ್‌ಗೆ ಸಿಕ್ಕಿಸಬೇಕೋ, ಮಿಶ್ರಣವನ್ನು ಸಿಲಿಂಡರ್‌ಗಳಿಗೆ ಒಯ್ಯುವ ಮ್ಯಾನಿಫೋಲ್ಡ್‌ಗೋ ಎಂಬುದೇ ಪ್ರಶ್ನೆ. ಎಕ್ಸಲರೇಟರ್ ಅರ್ಧಕ್ಕಿಂತ ಮೇಲೆ ಒತ್ತಿದಾಗ ಪೈಪ್ ಎಲ್ಲಿಗೆ ಸಿಕ್ಕಿಸಿದ್ದೀರಿ ಎಂಬುದು ಎಂಜಿನ್‌ಗೆ ತಿಳಿಯುವುದೇ ಇಲ್ಲ. ಪೂರ್ತಿ ಒತ್ತಿದರೆ ಎರಡು ಕಡೆಯೂ ವ್ಯಾಕ್ಯೂಮ್ ಸೊನ್ನೆಯ ಹತ್ತಿರ. ಸಮರಸ್ತೆಯಲ್ಲಿ ಹಗುರವಾಗಿ ಓಡುವಾಗ ಎರಡು ಕಡೆಯೂ ಹೆಚ್ಚುಕಡಿಮೆ ಒಂದೇ ಎಳೆತ. ವ್ಯತ್ಯಾಸ ಕಾಣುವುದು ಕಾಲು ಪೂರ್ತಿ ತೆಗೆದಾಗ: ಐಡ್ಲಿಂಗ್‌ನಲ್ಲಿ, ಇಳಿಜಾರಿನಲ್ಲಿ. 'ಮ್ಯಾನಿಫೋಲ್ಡ್‌ಗೆ ಬದಲಾಯಿಸಿದ ಮೇಲೆ ಪಿಕಪ್ ಬಂತು' ಎನ್ನುವವರು ಬಹುಶಃ ಜೊತೆಗೆ ಟೈಮಿಂಗನ್ನೂ (ಕಿಡಿ ಬೀಳುವ ಮೂಲ ಸಮಯವನ್ನೂ) ಮುಟ್ಟಿರುತ್ತಾರೆ.

ಇಲ್ಲಿ ಹೋಲಿಸಿರುವುದು 1798 ಸಿಸಿ ಬಿ-ಸೀರೀಸ್ ಎಂಜಿನ್, ಜೋಡಿ ಎಸ್‌ಯು ಎಚ್‌ಎಸ್4 ಕಾರ್ಬುರೇಟರ್, ಲೂಕಾಸ್ 25ಡಿ4 ಡಿಸ್ಟ್ರಿಬ್ಯೂಟರ್ ಇರುವ ಎಂಜಿಬಿ. ನಮ್ಮ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಎಂಜಿನ್ ಇದೇ ವಂಶದ್ದು, ಹಾಗಾಗಿ ಅದನ್ನು ಬಿಚ್ಚಿ ಜೋಡಿಸಿದ ಕೈಗೆ ಇದು ಹೊಸ ವಿಷಯವೇನಲ್ಲ. 1962ರಲ್ಲಿ ಬಂದ ಮೊದಲ ಎಂಜಿಬಿಗಳಲ್ಲಿ ಪೈಪ್ ಕಾರ್ಬುರೇಟರ್‌ಗೆ ಹೋಗುತ್ತಿತ್ತು, ಕೊನೆಕೊನೆಯವುಗಳಲ್ಲಿ ಮ್ಯಾನಿಫೋಲ್ಡ್‌ಗೆ. ಅಂದರೆ ಎರಡನ್ನೂ ಕಾರ್ಖಾನೆಯೇ ಮಾಡಿದೆ.

ಬದಲಾಯಿಸುವ ಮುಂಚೆ ಕ್ಯಾಪ್ಸೂಲ್ ಪರೀಕ್ಷಿಸಿ, ಅಂದರೆ ಪೈಪ್ ಬಂದು ಸೇರುವ, ಒಳಗೆ ಡಯಾಫ್ರಾಂ ಇರುವ ಡಬ್ಬಿ. ಡಿಸ್ಟ್ರಿಬ್ಯೂಟರ್ ಕ್ಯಾಪ್ ತೆಗೆದು, ಪೈಪಿನ ತುದಿಯಲ್ಲಿ ಬಾಯಿಯಿಂದ ಎಳೆದು ನಾಲಿಗೆ ಒತ್ತಿ ಹಿಡಿಯಿರಿ. ಪಾಯಿಂಟ್ (ಕಿಡಿ ಹೊಡೆಸುವ ಸ್ವಿಚ್) ಕೂತ ತಟ್ಟೆ ತಿರುಗಿ ಅಲ್ಲೇ ನಿಲ್ಲಬೇಕು. ಮೆಲ್ಲಗೆ ಹಿಂದೆ ಸರಿದರೆ ಡಯಾಫ್ರಾಂ ತೂತು. ಈ ಎಂಜಿನ್‌ನಲ್ಲಿ ರೋಟರ್ ತಿರುಗುವುದು ಅಪ್ರದಕ್ಷಿಣವಾಗಿ, ಆದ್ದರಿಂದ ತಟ್ಟೆ ಪ್ರದಕ್ಷಿಣವಾಗಿ ಸರಿಯಬೇಕು. ರೋಟರ್ ತಿರುಗುವ ದಿಕ್ಕಿಗೇ ತಟ್ಟೆಯೂ ಸರಿದರೆ ಅದು ಕಿಡಿಯನ್ನು ತಡಮಾಡುವ ರಿಟಾರ್ಡ್ ಕ್ಯಾಪ್ಸೂಲ್. ಅಮೆರಿಕಕ್ಕೆ ಹೋದ ಕೆಲವು ಟ್ರಯಂಫ್ ಕಾರುಗಳಲ್ಲಿ ಅಂಥದ್ದಿತ್ತು. ಅದನ್ನು ಅಡ್ವಾನ್ಸ್ ಎಂದುಕೊಂಡು ಜೋಡಿಸಿದರೆ ಎಲ್ಲ ತಲೆಕೆಳಗು.

ಕ್ಯಾಪ್ಸೂಲ್ ಮೇಲೆ 5-13-10 ಎಂಬಂತೆ ಮೂರು ಅಂಕಿ ಕೊರೆದಿರುತ್ತಾರೆ. 5 ಇಂಚು ಪಾದರಸದಷ್ಟು ವ್ಯಾಕ್ಯೂಮ್‌ನಲ್ಲಿ ಎಳೆಯಲು ಶುರು, 13ರಲ್ಲಿ ಪೂರ್ತಿ, ಒಟ್ಟು 10 ಡಿಗ್ರಿ. ಈ 10 ಡಿಗ್ರಿ ಡಿಸ್ಟ್ರಿಬ್ಯೂಟರ್‌ನದು, ಅದು ಕ್ರ್ಯಾಂಕ್‌ನ ಅರ್ಧ ವೇಗದಲ್ಲಿ ತಿರುಗುವುದರಿಂದ ಕ್ರ್ಯಾಂಕ್‌ನಲ್ಲಿ 20.

ಟೈಮಿಂಗ್ ಮಾತ್ರ ಎರಡಕ್ಕೂ ಒಂದೇ. ಪೈಪ್ ಕಿತ್ತು, ತುದಿ ಮುಚ್ಚಿ, ಮೊದಲ ಮಾದರಿಗಳಿಗೆ ನಿಂತ ಎಂಜಿನ್‌ನಲ್ಲಿ, ಪಿಸ್ಟನ್ ಮೇಲ್ತುದಿ ಮುಟ್ಟುವ 10 ಡಿಗ್ರಿ ಮುಂಚೆ ಕಿಡಿ ಬೀಳುವಂತೆ ಇಡಿ. 25ಡಿ4ರ ಗೀರುಗೀರು ತಿರುಪಿನಲ್ಲಿ ಸುಮಾರು 11 'ಟಕ್' ಸದ್ದಿಗೆ ಒಂದು ಡಿಗ್ರಿ ಸರಿಯುತ್ತದೆ. ನಂತರ ಬಂದ 45ಡಿ4ರಲ್ಲಿ ಈ ಸೌಕರ್ಯವಿಲ್ಲ, ಇಡೀ ಬಾಡಿಯನ್ನೇ ತಿರುಗಿಸಬೇಕು.

ಕಾರ್ಬುರೇಟರ್‌ಗೆ ಜೋಡಿಸಿದರೆ ಐಡ್ಲಿಂಗ್‌ನಲ್ಲಿ ಅಡ್ವಾನ್ಸ್ ಇಲ್ಲ, ಏಕೆಂದರೆ ಆ ಚಿಕ್ಕ ತೂತು ಇರುವುದು ಮುಚ್ಚಿದ ಥ್ರಾಟಲ್ ತಟ್ಟೆಯ ಅಂಚಿನ ಆಚೆ, ಗಾಳಿ ಬರುವ ಬದಿಗೆ. ತಟ್ಟೆ ಕೂದಲೆಳೆಯಷ್ಟು ತೆರೆದರೂ ತೂತು ಮ್ಯಾನಿಫೋಲ್ಡ್ ಬದಿಗೆ ಬಂದುಬಿಡುತ್ತದೆ. ಐಡ್ಲಿಂಗ್ ತಿರುಪನ್ನು ಜಾಸ್ತಿ ಒಳಕ್ಕೆ ಬಿಗಿದ ಗಾಡಿಗಳಲ್ಲಿ ತೊಂದರೆ ಶುರುವಾಗುವುದೇ ಇಲ್ಲಿ: ತೂತು ಅರ್ಧ ತೆರೆದು, ಐಡ್ಲಿಂಗ್ ಒಮ್ಮೆ 800, ಒಮ್ಮೆ 1100. ಬೈಯಿಸಿಕೊಳ್ಳುವುದು ಡಿಸ್ಟ್ರಿಬ್ಯೂಟರ್. ಇನ್ನು ಟ್ರಾಫಿಕ್‌ನಲ್ಲಿ ನಿಂತಾಗ ಕಿಡಿ ತಡವಾಗಿ ಬೀಳುವುದರಿಂದ ಶಾಖವೆಲ್ಲ ಎಕ್ಸಾಸ್ಟ್‌ಗೆ, ಸಿಲಿಂಡರ್ ಹೆಡ್‌ಗೆ. ತಾಪಮಾನದ ಮುಳ್ಳು ಏರುವುದು ಇದರಲ್ಲೇ ಬೇಗ.

ಮ್ಯಾನಿಫೋಲ್ಡ್‌ಗೆ ಸಿಕ್ಕಿಸಿದ ಕೂಡಲೇ ಆರ್‌ಪಿಎಂ ಜಿಗಿಯುತ್ತದೆ. ಹಗುರ ಮಿಶ್ರಣ ನಿಧಾನವಾಗಿ ಉರಿಯುತ್ತದೆ, ಅದಕ್ಕೆ ಬೇಕಾದ ಸಮಯ ಈಗ ಸಿಕ್ಕಿತು ಅಷ್ಟೆ. ಎರಡೂ ಕಾರ್ಬುರೇಟರ್‌ಗಳ ತಿರುಪನ್ನು ಸಮನಾಗಿ ಹಿಂದಕ್ಕೆ ಬಿಟ್ಟು ಮತ್ತೆ 800ಕ್ಕೆ ತಂದು, ಮಿಕ್ಸ್ಚರ್ ಇನ್ನೊಮ್ಮೆ ನೋಡಬೇಕು. ಇದನ್ನು ಬಿಟ್ಟು ಎರಡನ್ನೂ ಹೋಲಿಸಿದರೆ ಹೋಲಿಕೆ ಸುಳ್ಳು. ಖಾಲಿಯಾದ ಕಾರ್ಬುರೇಟರ್ ತೂತಿಗೆ ರಬ್ಬರ್ ಟೋಪಿ ಹಾಕಿ. ಹಾಗೇ ಬಿಟ್ಟರೆ ಕಾಲಿಟ್ಟ ಕೂಡಲೇ ಗಾಳಿ ನುಗ್ಗಿ ಎಂಜಿನ್ ಮುಗ್ಗರಿಸುತ್ತದೆ.

ಮಾಮೂಲಿ ಕ್ಯಾಮ್ (ವಾಲ್ವ್ ತೆರೆಯುವ ದಂಡ) ಇರುವ ಗಾಡಿಯಲ್ಲಿ ಮ್ಯಾನಿಫೋಲ್ಡೇ ಮೇಲು: ಐಡ್ಲಿಂಗ್ ನುಣುಪು, ಎಂಜಿನ್ ತಂಪು, ಇಳಿಜಾರಿನಲ್ಲಿ ಸೈಲೆನ್ಸರ್ ಪಟಪಟ ಕಡಿಮೆ. ಆದರೆ ರೇಸ್ ಕ್ಯಾಮ್ ಹಾಕಿಸಿದ ಎಂಜಿನ್‌ನ ಐಡ್ಲಿಂಗ್ ವ್ಯಾಕ್ಯೂಮ್ 10 ಇಂಚಿನ ಆಸುಪಾಸು ನಡುಗುತ್ತಿರುತ್ತದೆ, ಅದು 5 ಮತ್ತು 13ರ ನಟ್ಟನಡುವೆ. ವೇಗ ತುಸು ಇಳಿದರೆ ವ್ಯಾಕ್ಯೂಮ್ ಇಳಿಯುತ್ತದೆ, ಅಡ್ವಾನ್ಸ್ ಇಳಿಯುತ್ತದೆ, ವೇಗ ಮತ್ತಷ್ಟು ಇಳಿಯುತ್ತದೆ. ಹೆಡ್‌ಲೈಟ್ ಹಾಕಿದರೆ ಸಾಕು, ನಿಂತೇ ಹೋದೀತು. ಅಂಥ ಗಾಡಿಗೆ ಕಾರ್ಬುರೇಟರ್ ತೂತೇ ಸರಿ, ಇಲ್ಲವೇ ಕಡಿಮೆ ವ್ಯಾಕ್ಯೂಮ್‌ಗೇ ಪೂರ್ತಿ ಎಳೆಯುವ ಕ್ಯಾಪ್ಸೂಲ್ ಹುಡುಕಬೇಕು. ಪೈಪನ್ನೇ ಕಿತ್ತು ಓಡಿಸುವ ಮೂರನೆಯ ದಾರಿ ಟ್ರ್ಯಾಕ್‌ಗೆ ಮಾತ್ರ. ರಸ್ತೆಯಲ್ಲಿ ಆ 20 ಡಿಗ್ರಿ ಬಿಟ್ಟುಕೊಟ್ಟರೆ ಪೆಟ್ರೋಲ್ ಸುಮ್ಮನೆ ಹೋಗುತ್ತದೆ.

91 ಆಕ್ಟೇನ್ ಪೆಟ್ರೋಲ್ ಹಾಕಿದಾಗ ನಾಕಿಂಗ್ ಕೇಳಿಸಿದರೆ ಯಾವಾಗ ಎಂದು ಗಮನಿಸಿ. ಪೂರ್ತಿ ಒತ್ತಿದಾಗ ಬಂದರೆ ವ್ಯಾಕ್ಯೂಮ್ ತಪ್ಪಿತಸ್ಥನಲ್ಲ, ಟೈಮಿಂಗ್ ಹಿಂದಕ್ಕೆ ತನ್ನಿ. ಹಗುರವಾಗಿ ಒತ್ತಿದಾಗ ಮಾತ್ರ ಬಂದರೆ ಕಡಿಮೆ ಡಿಗ್ರಿಯ ಕ್ಯಾಪ್ಸೂಲ್ ಬೇಕು.

ಮ್ಯಾನಿಫೋಲ್ಡ್‌ನಲ್ಲಿ ಬೇರೆ ತೂತಿಲ್ಲವೆಂದು ಬ್ರೇಕ್ ಸರ್ವೋ (ವ್ಯಾಕ್ಯೂಮ್ ಬಲದಿಂದ ಬ್ರೇಕ್‌ಗೆ ನೆರವಾಗುವ ಡಬ್ಬಿ) ಪೈಪಿಗೆ 'ಟಿ' ಹಾಕುವವರಿದ್ದಾರೆ. ಹಾಕುವುದಿದ್ದರೆ ಒನ್‌ವೇ ವಾಲ್ವ್‌ಗೂ ಮ್ಯಾನಿಫೋಲ್ಡ್‌ಗೂ ನಡುವೆ ಹಾಕಿ. ವಾಲ್ವಿನಾಚೆ, ಸರ್ವೋ ಬದಿಗೆ ಹಾಕಿದರೆ ವ್ಯಾಕ್ಯೂಮ್ ಒಳಗೇ ಸಿಕ್ಕಿಕೊಂಡು, ಏರು ಹತ್ತುವಾಗಲೂ 20 ಡಿಗ್ರಿ ಬಿಡದೆ ಎಂಜಿನ್ ಕಟಕಟ ಬಡಿಯುತ್ತದೆ.

ಇನ್ನೊಂದು: ಪಾಯಿಂಟ್ ತಟ್ಟೆಯನ್ನು ಬಾಡಿಗೆ ಸೇರಿಸುವ ಹೆಣೆದ ಅರ್ತ್ ವೈರ್ ಇದೆಯಲ್ಲ, ತಟ್ಟೆ ಪ್ರತಿ ಸಲ ಸರಿದಾಗಲೂ ಅದು ಬಾಗುತ್ತದೆ. ಒಳಗೆ ಎಳೆಗಳು ಮುರಿದಿದ್ದರೂ ಮೇಲೆ ಗಟ್ಟಿಯಾಗಿಯೇ ಕಾಣುತ್ತದೆ. ಪೈಪ್ ಕಿತ್ತಾಗ ಎಂಜಿನ್ ಸರಿಯಾಗಿ ಓಡಿ, ಸಿಕ್ಕಿಸಿದಾಗ ಮಿಸ್ ಹೊಡೆದರೆ ಪೈಪಿನ ಜಾಗ ಬದಲಿಸಬೇಡಿ, ಮೊದಲು ಆ ವೈರನ್ನು ಚಿವುಟಿ ಎಳೆದು ನೋಡಿ.