ದಾವಣಗೆರೆಯ ಒಂದು ಸಂದರ್ಶನ ತರಬೇತಿ: 20 ದಿನ, 6,000 ರೂಪಾಯಿ ಮತ್ತು ಒಂದು ಪ್ರಶ್ನೆ

ದಾವಣಗೆರೆಯಲ್ಲಿ ನಾನು ಸೇರಿದ್ದ ಸಂದರ್ಶನ ತರಬೇತಿ ಕೇಂದ್ರದ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ನಾನು ಆಕ್ಷೇಪಿಸಲಿರುವ ಸಂಗತಿಗಳನ್ನು ಬೇರೆ ಕೇಂದ್ರಗಳಿಗೆ ಹೋದ ಗೆಳೆಯರೂ ಹೇಳಿರುವುದರಿಂದ ಒಂದೇ ಕೇಂದ್ರದ ಮೇಲೆ ಅವನ್ನು ಹೊರಿಸುವುದು ನ್ಯಾಯವಲ್ಲ. ಅವಧಿ 20 ದಿನ, ಪ್ರತಿ ಸಂಜೆ ಆರೂವರೆಯಿಂದ ಎಂಟೂವರೆಯವರೆಗೆ ತರಗತಿ, ಶುಲ್ಕ 6,000 ರೂಪಾಯಿ, ತಂಡದಲ್ಲಿ 20 ಜನ. 1951ರಷ್ಟು ಹಿಂದೆಯೇ ಇಂಜಿನಿಯರಿಂಗ್ ಕಾಲೇಜು ಕಂಡ ಈ ಊರಿನಲ್ಲಿ ಪದವಿಗೆ ಬರವಿಲ್ಲ. ಆ ಪದವಿಯನ್ನು ಹಿಡಿದು ಕೆಲಸ ಕೊಡುವವರ ಎದುರು ಕುಳಿತಾಗ ನಮ್ಮ ಬಗ್ಗೆ ನಾವೇ ಏನು ಹೇಳಬೇಕು ಎಂಬುದನ್ನು ಮಾತ್ರ ಬಿ.ಕಾಂ.ನ ಮೂರು ವರ್ಷಗಳಲ್ಲಿ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ.

ಸೇರುವುದಕ್ಕೆ ಮುಂಚೆ ನಾನು ಒಂದು ಸಂದರ್ಶನದಲ್ಲಿ ಸೋತಿದ್ದೆ. ನಿಮ್ಮ ಸಾಮರ್ಥ್ಯಗಳೇನು ಎಂದು ಕೇಳಿದಾಗ ಶ್ರಮಜೀವಿ, ಟೀಮ್ ಪ್ಲೇಯರ್, ಒಳ್ಳೆಯ ಸಂವಹನ ಕೌಶಲವಿದೆ ಎಂದು ಒಂದೇ ಉಸಿರಿನಲ್ಲಿ ಹೇಳಿದ್ದೆ. ಎದುರಿಗಿದ್ದವರು ತಲೆಯಾಡಿಸಿ ಮುಂದಿನ ಅಭ್ಯರ್ಥಿಯನ್ನು ಕರೆದರು. ನನ್ನ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಅದು ಅವರನ್ನು ಮುಟ್ಟಲಿಲ್ಲವೇಕೆ ಎಂಬುದು ಆಗ ತಿಳಿಯಲಿಲ್ಲ.

ತರಬೇತಿಯ ಮೊದಲ 8 ದಿನಗಳು ನನಗೆ ನಿರಾಸೆಯನ್ನೇ ತಂದವು. ಕೈ ಕುಲುಕುವ ಬಗೆ, ಕುರ್ಚಿಯಲ್ಲಿ ಕೂರುವ ಭಂಗಿ, ಕನ್ನಡಿಯ ಮುಂದೆ ನಿಂತು ನಗುವ ಅಭ್ಯಾಸ, ಇವುಗಳಲ್ಲೇ 16 ಗಂಟೆ ಕಳೆಯಿತು. ಸಂವಹನದಲ್ಲಿ ಶೇಕಡಾ 55 ಭಾಗ ದೇಹಭಾಷೆ, 38 ಭಾಗ ಧ್ವನಿ, ಮಾತಿನ ಪಾಲು ಕೇವಲ 7 ಎಂದು ಎರಡನೆಯ ದಿನವೇ ಬೋರ್ಡಿನ ಮೇಲೆ ಬರೆಯಲಾಯಿತು. ಈ ಅಂಕಿಗಳ ಮೂಲ ಆಲ್ಬರ್ಟ್ ಮೆಹ್ರೇಬಿಯನ್ ಎಂಬ ಮನಶ್ಶಾಸ್ತ್ರಜ್ಞರು 1967ರಲ್ಲಿ ಪ್ರಕಟಿಸಿದ ಪ್ರಯೋಗಗಳು. ಬಿಡಿ ಪದಗಳನ್ನು ಬೇರೆ ಬೇರೆ ಧ್ವನಿಯಲ್ಲಿ ಕೇಳಿಸಿ, ಮುಖಭಾವದ ಚಿತ್ರಗಳನ್ನು ತೋರಿಸಿ, ಹೇಳುವವರಿಗೆ ಇರುವುದು ಒಲವೋ ಮುನಿಸೋ ಎಂದು ಊಹಿಸಲು ಅಲ್ಲಿ ಕೇಳಲಾಗಿತ್ತು. ಭಾವನೆ ಮತ್ತು ಒಲವನ್ನು ತಿಳಿಸುವ ಮಾತಿಗಷ್ಟೇ ಈ ಲೆಕ್ಕ ಅನ್ವಯಿಸುತ್ತದೆಂದು ಅವರೇ ಮುಂದೆ ಸ್ಪಷ್ಟಪಡಿಸಿದ್ದಾರೆ. ಉದ್ಯೋಗ ಸಂದರ್ಶನದ ಉತ್ತರಕ್ಕೆ ಅದನ್ನು ಅಂಟಿಸುವುದರಿಂದ ಆಗುವ ಹಾನಿಯನ್ನು ನಾನು ಕಣ್ಣಾರೆ ಕಂಡೆ. ಜಗಳೂರು ಕಡೆಯಿಂದ ಬರುತ್ತಿದ್ದ ಸಹಪಾಠಿಯೊಬ್ಬಳು ಲೆಕ್ಕಪತ್ರದ ವಿಷಯದಲ್ಲಿ ನಮ್ಮೆಲ್ಲರಿಗಿಂತ ಮುಂದಿದ್ದಳು. ಮಾತಿಗೆ ಇರುವುದೇ 7 ಅಂಕ ಎಂದು ನಂಬಿದ ಮೇಲೆ ಆಕೆ ಉತ್ತರವನ್ನು ಮರೆತು ತನ್ನ ಕೈಗಳನ್ನೇ ನೋಡಿಕೊಳ್ಳತೊಡಗಿದಳು.

ಟೀಮ್ ಪ್ಲೇಯರ್, ಸಂವಹನ ಕೌಶಲ ಮುಂತಾದವನ್ನು ನಾವು ಮೃದು ಕೌಶಲ (ಸಾಫ್ಟ್ ಸ್ಕಿಲ್) ಎನ್ನುತ್ತೇವಲ್ಲ, ಆ ಮಾತು ರೂಢಿಗೆ ಬಂದದ್ದು 1970ರ ದಶಕದ ಆರಂಭದಲ್ಲಿ, ಅಮೆರಿಕದ ಸೈನಿಕ ತರಬೇತಿಯ ವಲಯದಲ್ಲಿ. ಯಂತ್ರಗಳೊಡನೆ ಮಾಡುವ ಕೆಲಸದಿಂದ ಬೇರ್ಪಡಿಸಿ, ಜನರನ್ನು ಮುನ್ನಡೆಸುವುದು, ಮೇಲ್ವಿಚಾರಣೆ ಮಾಡುವುದು, ಸಲಹೆ ಕೊಡುವುದು ಮುಂತಾದವನ್ನು ಅವರು ಹಾಗೆ ಕರೆದರು. ಅಂದರೆ ಮೊದಲಿನಿಂದಲೂ ಅದು ಕೆಲಸದ ಹೆಸರು. ಮಾಡಿದ ಕೆಲಸಕ್ಕೆ ಒಂದು ದಿನ, ಒಂದು ಜಾಗ, ಎದುರಿಗೊಬ್ಬ ವ್ಯಕ್ತಿ ಇರಲೇಬೇಕಲ್ಲವೇ?

ಗುಂಪು ಚರ್ಚೆಯ 4 ದಿನಗಳ ಬಗ್ಗೆ ಹೇಳುವಂಥದ್ದು ಹೆಚ್ಚಿಲ್ಲ. ಗಟ್ಟಿಯಾಗಿ ಮಾತನಾಡುವವರು ಗಟ್ಟಿಯಾಗಿಯೇ ಮಾತನಾಡಿದರು. ಕೊನೆಯ 8 ದಿನಗಳ ಅಣಕು ಸಂದರ್ಶನಗಳು ಮಾತ್ರ ಕೊಟ್ಟ ಹಣವನ್ನೆಲ್ಲ ಹಿಂತಿರುಗಿಸಿದವು. ಪ್ರತಿಯೊಬ್ಬರಿಗೂ 12 ನಿಮಿಷಗಳಂತೆ ಮೂರು ಸರದಿ. ನಡೆಸಿಕೊಟ್ಟವರು ಕಾರ್ಖಾನೆಯೊಂದರ ಸಿಬ್ಬಂದಿ ವಿಭಾಗದಲ್ಲಿ ದುಡಿದು ನಿವೃತ್ತರಾದ ಹಿರಿಯರು. ನಾನು ಟೀಮ್ ಪ್ಲೇಯರ್ ಎಂದೆ. ಅವರು, "ಯಾವ ದಿನ?" ಎಂದು ಕೇಳಿದರು. ನನಗೆ ಅರ್ಥವಾಗಲಿಲ್ಲ. "ಯಾವ ದಿನ ಆಗಿದ್ರಿ? ಆ ದಿನದ್ದು ಹೇಳ್ರಿ," ಎಂದರು.

ನಾನು ಕಾಲೇಜು ಓದುವಾಗ ಎರಡು ವರ್ಷ ಸಂಜೆಯ ಹೊತ್ತು ಚೌಕಿಪೇಟೆಯ ಬಟ್ಟೆ ಅಂಗಡಿಯೊಂದರಲ್ಲಿ ದುಡಿದಿದ್ದೆ. ಅದನ್ನು ಬಯೋಡೇಟಾದಲ್ಲಿ ಬರೆಯಲು ನಾಚಿಕೊಂಡಿದ್ದೆ. ಎರಡು ವರ್ಷಕ್ಕೊಮ್ಮೆ ಬರುವ ದುರ್ಗಾಂಬಿಕಾ ಜಾತ್ರೆಯ ವಾರ, ಕಾಲಿಡಲು ಜಾಗವಿಲ್ಲದ ಹೊತ್ತಿನಲ್ಲಿ ಹಳ್ಳಿಯ ಹೆಂಗಸೊಬ್ಬರು ಹಿಂದಿನ ದಿನ ಕೊಂಡ ಸೀರೆಯನ್ನು ತಂದು, ಬಣ್ಣ ಬಿಡುತ್ತದೆ ಎಂದು ಗಿರಾಕಿಗಳೆಲ್ಲರ ಮುಂದೆ ಕೂಗಾಡಿದ್ದರು. ನೀರು ಮುಟ್ಟಿಸಿದ ಸೀರೆಯನ್ನು ವಾಪಸು ಪಡೆಯುವಂತಿಲ್ಲ ಎಂಬುದು ಅಂಗಡಿಯ ನಿಯಮ. ಅವರನ್ನು ಕೂರಿಸಿ ಪೂರ್ತಿ ಕೇಳಿಸಿಕೊಂಡು, ಅದೇ ಕಟ್ಟಿನ ಇನ್ನೊಂದು ಸೀರೆಯ ಅಂಚಿಗೆ ಒದ್ದೆ ಬಿಳಿ ಬಟ್ಟೆಯನ್ನು ಒತ್ತಿದಾಗ ಕೆಂಪು ಹತ್ತಿತು. ಆ ಬಟ್ಟೆಯನ್ನೇ ಮಾಲೀಕರಿಗೆ ತೋರಿಸಿ ಒಪ್ಪಿಸಿದ ಮೇಲೆ ಆ ಹೆಂಗಸಿನ ಸೀರೆ ಬದಲಾಯಿತು. ಕಟ್ಟಿನಲ್ಲಿ ಉಳಿದಿದ್ದ 11 ಸೀರೆಗಳು ಕಪಾಟಿನಿಂದ ಇಳಿದವು.

ಇದನ್ನು ನಾನು ಹೇಳಿದ್ದು "ನೋಡಿದ್ವಿ, ಒತ್ತಿದ್ವಿ, ಕೊಟ್ವಿ" ಎಂದು. ಒದ್ದೆ ಬಟ್ಟೆ ಒತ್ತಿದವರು ಯಾರು ಎಂದು ಆ ಹಿರಿಯರು ಕೇಳಿದರು. ನಾನೇ ಎಂದೆ. ಹಾಗಾದರೆ ನಾನು ಎನ್ನಿ ಎಂದರು. ನಮ್ಮ ಮನೆಗಳಲ್ಲಿ ನಾನು, ನಾನು ಎನ್ನುವುದು ಜಂಬವೆಂದು ಚಿಕ್ಕಂದಿನಿಂದ ತಿದ್ದಿಸಿಕೊಂಡ ನಮಗೆ ಇದು ಸುಲಭದ ಮಾತಲ್ಲ. ಆದರೆ ಕೇಳುವವರಿಗೆ ಬೇಕಾಗಿರುವುದು ಆ ಗುಂಪಿನಲ್ಲಿ ಈ ಅಭ್ಯರ್ಥಿಯ ಕೈ ಎಲ್ಲಿತ್ತು ಎಂಬ ವಿವರವೇ. ಮಾಲೀಕರು ಒಪ್ಪಿದ್ದನ್ನೂ ನನ್ನ ಖಾತೆಗೆ ಹಾಕಿಕೊಳ್ಳಬಾರದು ಎಂದೂ ಅವರು ಎಚ್ಚರಿಸಿದರು.

ಸಂದರ್ಭ, ಹೊಣೆ, ಕ್ರಮ, ಫಲಿತಾಂಶ ಎಂಬ ನಾಲ್ಕು ಮೆಟ್ಟಿಲುಗಳ, ಅವುಗಳ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಿಂದಾದ ಸ್ಟಾರ್ (STAR) ವಿಧಾನವನ್ನು ಅವರು ಇದರ ನಂತರವೇ ಹೇಳಿದರು, ಮತ್ತು ಉತ್ತರದ ಅರ್ಧಕ್ಕಿಂತ ಹೆಚ್ಚು ಸಮಯ ಮೂರನೆಯ ಮೆಟ್ಟಿಲಿಗೆ ಸಲ್ಲಬೇಕೆಂದರು. ನನ್ನ ಮೊದಲ ಉತ್ತರದಲ್ಲಿ ಜಾತ್ರೆಯ ವರ್ಣನೆಯೇ ಎರಡು ನಿಮಿಷ ತಿಂದಿತ್ತು. ಇನ್ನೊಂದು ಉಪಕಾರವನ್ನು ಕನ್ನಡ ಮಾಧ್ಯಮದಲ್ಲಿ ಓದಿದ ನಾನು ಮರೆಯಲಾರೆ: ಘಟನೆಯನ್ನು ಮೊದಲು ಕನ್ನಡದಲ್ಲಿ ಐದಾರು ವಾಕ್ಯಗಳಲ್ಲಿ ಬರೆಸಿ, ಬಾಯಲ್ಲಿ ಹೇಳಿಸಿ, ಆಮೇಲೆ ಅಷ್ಟೇ ಗಿಡ್ಡ ವಾಕ್ಯಗಳಲ್ಲಿ ಇಂಗ್ಲಿಷಿಗೆ ತರಿಸಿದರು. ಕಂಠಪಾಠದ ಇಂಗ್ಲಿಷ್ ಒಂದು ಪದ ಮರೆತರೆ ಪೂರ್ತಿ ಕುಸಿಯುತ್ತದೆ. ನಡೆದದ್ದನ್ನು ಹೇಳುವವರಿಗೆ ಪದ ಮರೆತರೂ ಘಟನೆ ನೆನಪಿರುತ್ತದೆ.

ಇಷ್ಟು ಬಲ್ಲ ಕೇಂದ್ರವೇ ನಿಮ್ಮ ದೌರ್ಬಲ್ಯವೇನು ಎಂಬ ಪ್ರಶ್ನೆಗೆ ಎಲ್ಲ 20 ಜನರಿಗೂ ಒಂದೇ ಮುದ್ರಿತ ಉತ್ತರ ಹಂಚಿದ್ದು ನನಗೆ ನೋವು ತಂದಿತು. ಎಲ್ಲ ಅಭ್ಯರ್ಥಿಗಳಿಗೂ ಒಂದೇ ಬಗೆಯ ಪ್ರಶ್ನೆ ಕೇಳಿ, ಮೊದಲೇ ಗೊತ್ತುಮಾಡಿದ ಮಾನದಂಡದಂತೆ ಅಂಕ ಕೊಡುವ ಸಂದರ್ಶನವು ಕಟ್ಟುಪಾಡಿಲ್ಲದ ಸಂಭಾಷಣೆಗಿಂತ ಮುಂದಿನ ಕೆಲಸವನ್ನು ಚೆನ್ನಾಗಿ ಅಂದಾಜಿಸುತ್ತದೆಂದು ಷ್ಮಿಟ್ ಮತ್ತು ಹಂಟರ್ ಎಂಬ ಸಂಶೋಧಕರು 1998ರ ತಮ್ಮ ಸಮೀಕ್ಷೆಯಲ್ಲಿ ತೋರಿಸಿದ್ದಾರೆ. ಅಂಥ ಸಂದರ್ಶನದಲ್ಲಿ ಉತ್ತರಗಳನ್ನು ಅಕ್ಕಪಕ್ಕ ಇಟ್ಟು ನೋಡುತ್ತಾರೆ. ಒಂದೇ ಊರಿನ ಇಬ್ಬರು ಒಂದೇ ದೌರ್ಬಲ್ಯವನ್ನು ಅದೇ ಪದಗಳಲ್ಲಿ ಹೇಳಿದರೆ ಇಬ್ಬರೂ ನಂಬಿಕೆ ಕಳೆದುಕೊಳ್ಳುತ್ತಾರೆ.

ಎರಡು ತಿಂಗಳ ನಂತರ ಹಣಕಾಸು ಸಂಸ್ಥೆಯೊಂದರ ಸಂದರ್ಶನದಲ್ಲಿ ಸಿಟ್ಟಿಗೆದ್ದ ಗ್ರಾಹಕರನ್ನು ಎಂದಾದರೂ ಎದುರಿಸಿದ್ದೀರಾ ಎಂದು ಕೇಳಿದರು. ಸೀರೆಯ ಪ್ರಸಂಗ ಹೇಳಿದೆ. ಆ 11 ಸೀರೆಗಳು ಏನಾದವು ಎಂದು ಅವರಾಗಿಯೇ ಮರುಪ್ರಶ್ನೆ ಹಾಕಿದರು. ಸಗಟು ವ್ಯಾಪಾರಿಗೆ ಹಿಂತಿರುಗಿದವು ಎಂದೆ. ಈಗ ಅಲ್ಲಿ ಕೆಲಸದಲ್ಲಿದ್ದೇನೆ.

ಸೇರಬಯಸುವವರು ಗಮನಿಸಬೇಕಾದ ಒಂದು ಸಂಗತಿ ಸಮಯದ್ದು. ಊರಿನ ಬಸ್ಸು ತಪ್ಪೀತೆಂದು ಜಗಳೂರಿನ ಸಹಪಾಠಿ ದಿನವೂ ಏಳೂವರೆಗೇ ತರಗತಿಯಿಂದ ಎದ್ದು ಹೊರಡುತ್ತಿದ್ದಳು. ಆಕೆಯ ಮೂರು ಸರದಿಗಳಲ್ಲಿ ಎರಡು ಹಾಗೆಯೇ ಕೈತಪ್ಪಿದವು. ಅಣಕು ಸಂದರ್ಶನವನ್ನು ಮೂರನೆಯ ದಿನದಿಂದಲೇ ಆರಂಭಿಸಿ, ಹಳ್ಳಿಯಿಂದ ಬರುವವರ ಸರದಿಯನ್ನು ಮೊದಲಿಗೆ ಇಡಬೇಕೆಂದು ಕೇಂದ್ರದವರಿಗೆ ಬರೆದುಕೊಟ್ಟಿದ್ದೇನೆ. ಸರದಿಯ ಕ್ರಮವನ್ನು ಮುಂದಿನ ತಂಡದಿಂದ ಬದಲಿಸುವುದಾಗಿ ಒಪ್ಪಿದ್ದಾರೆ. ತಪ್ಪಿಹೋದ ಎರಡು ಸರದಿಗಳನ್ನು ಆಕೆಗೆ ಶುಲ್ಕವಿಲ್ಲದೆ ಕೊಡಿ ಎಂಬ ಕೋರಿಕೆಗೆ ಉತ್ತರ ಇನ್ನೂ ಬಂದಿಲ್ಲ.