ಡಿ-ಡೈಮರ್ ಪರೀಕ್ಷೆ: ಕೊಟ್ಟ ದುಡ್ಡಿಗೆ ಏನು ತಿಳಿಯುತ್ತದೆ?

ಕೋವಿಡ್‌ನಂಥ ಸೋಂಕು ಶ್ವಾಸಕೋಶದ ರಕ್ತನಾಳಗಳ ಒಳಪದರಕ್ಕೆ ಪೆಟ್ಟು ಕೊಟ್ಟಾಗ ಅಲ್ಲಿ ಸಣ್ಣ ಸಣ್ಣ ಹೆಪ್ಪು ಕಟ್ಟುತ್ತವೆ. ಅವು ಕರಗುವಾಗ ರಕ್ತಕ್ಕೆ ಸೇರುವ ಫೈಬ್ರಿನ್ (ಹೆಪ್ಪನ್ನು ಹಿಡಿದಿಡುವ ಪ್ರೋಟೀನ್ ಎಳೆ) ಚೂರೇ ಡಿ-ಡೈಮರ್. ಊರಿನ ಲ್ಯಾಬ್‌ಗಳಲ್ಲೂ ಸಿಗುವ ಈ ಪರೀಕ್ಷೆ, ಆಸ್ಪತ್ರೆಗೆ ಸೇರಿದ ರೋಗಿಗೆ ನಿಜಕ್ಕೂ ಉಪಯುಕ್ತ. 2020ರ ವುಹಾನ್ ಅಧ್ಯಯನದಲ್ಲಿ, ದಾಖಲಾಗುವಾಗಲೇ 1 ಮೈಕ್ರೋಗ್ರಾಂ/ಮಿ.ಲೀ. ದಾಟಿದ್ದವರಲ್ಲಿ ಸಾವಿನ ಅಪಾಯ ಹೆಚ್ಚಿತ್ತು.

ಎಡವಟ್ಟು ಹೆಚ್ಚಾಗಿ ರಕ್ತ ತೆಗೆಯುವಾಗಲೇ ಆಗುತ್ತದೆ. ನೀಲಿ ಮುಚ್ಚಳದ ಸಿಟ್ರೇಟ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ದ್ರವ) ಟ್ಯೂಬ್‌ನಲ್ಲಿ ರಕ್ತ ಒಂಬತ್ತು ಪಾಲು, ಸಿಟ್ರೇಟ್ ಒಂದು ಪಾಲು ಇರಬೇಕು. ಗೆರೆಯವರೆಗೆ ತುಂಬದಿದ್ದರೆ ಪ್ಲಾಸ್ಮಾ ತೆಳುವಾಗಿ ಅಂಕಿ ಸುಳ್ಳು ಹೇಳುತ್ತದೆ. ತುಂಬಿದ ತಕ್ಷಣ 3-4 ಸಲ ಮೆಲ್ಲಗೆ ತಲೆಕೆಳಗು ಮಾಡಬೇಕು, ಕುಲುಕಬಾರದು. ಟ್ಯೂಬ್‌ನಲ್ಲೇ ಹೆಪ್ಪು ಕಟ್ಟಿದರೆ ಹೊಸ ಮಾದರಿಯೇ ಬೇಕು.

ವರದಿಯಲ್ಲಿ ಮೊದಲು ಯೂನಿಟ್ ನೋಡಿ. ಡಿ-ಡೈಮರ್ ಅನ್ನು ಎಫ್‌ಇಯು (FEU), ಡಿಡಿಯು (DDU) ಎಂಬ ಎರಡು ಯೂನಿಟ್‌ಗಳಲ್ಲಿ ಬರೆಯುತ್ತಾರೆ; ಎಫ್‌ಇಯು ಅಂಕಿ ಡಿಡಿಯು ಅಂಕಿಯ ಸುಮಾರು ಎರಡು ಪಟ್ಟು. ಎರಡು ಲ್ಯಾಬ್‌ಗಳ ವರದಿ ಹೋಲಿಸಿ ಗಾಬರಿಯಾಗುವವರು ಇಲ್ಲೇ ಸಿಕ್ಕಿಬೀಳುವುದು. ಏರಿಳಿತ ಗಮನಿಸಬೇಕಿದ್ದರೆ ಪ್ರತಿ ಸಲವೂ ಅದೇ ಲ್ಯಾಬ್, ಅದೇ ಯಂತ್ರ ಇರಲಿ. ಗರ್ಭಿಣಿಯರು, ವಯಸ್ಸಾದವರು, ಕ್ಯಾನ್ಸರ್ ಇರುವವರು, ಈಚೆಗೆ ಶಸ್ತ್ರಚಿಕಿತ್ಸೆ ಆದವರಲ್ಲಿ ಸೋಂಕಿಲ್ಲದೆಯೂ ಏರಿರುತ್ತದೆ. ಹಾಗಾಗಿ ಸಾದಾ ನೆಗಡಿ-ಜ್ವರಕ್ಕೆ ಮಾಡಿಸುವುದು ವ್ಯರ್ಥ. ಉಸಿರು ಕಟ್ಟುತ್ತಿದ್ದರೆ ಈ ವರದಿಗೆ ಕಾಯದೆ ಆಕ್ಸಿಜನ್ ಮಟ್ಟ ನೋಡಿಸಿ, ಆಸ್ಪತ್ರೆಗೆ ಹೋಗಿ.

ರಕ್ತದಲ್ಲಿರುವ ಇನ್ನೊಂದು ಪ್ರೋಟೀನ್ ವಾನ್ ವಿಲ್ಲೆಬ್ರಾಂಡ್ ಫ್ಯಾಕ್ಟರ್ ರಕ್ತನಾಳದ ಒಳಪದರದ ಗಾಯವನ್ನು ಇನ್ನೂ ನೇರವಾಗಿ ತೋರಿಸುತ್ತದೆ, ಆದರೆ ಓ ರಕ್ತದ ಗುಂಪಿನವರಲ್ಲಿ ಅದು ಸಹಜವಾಗಿಯೇ ಕಡಿಮೆ. ಒಳಪದರದ ಗಾಯವನ್ನೇ ಸೂಚಿಸುವ ಮತ್ತೊಂದು ಪ್ರೋಟೀನ್ ಆಂಜಿಯೋಪೊಯೆಟಿನ್-2 ಪರೀಕ್ಷೆ ಹೆಚ್ಚಾಗಿ ಸಂಶೋಧನೆಗೆ ಬಳಕೆಯಾಗುವಂಥದ್ದು. ಅದಕ್ಕೆ ನಿಮ್ಮ ಜೇಬಿನಿಂದ ದುಡ್ಡು ಹಾಕಬೇಡಿ.